ಹದಿನೇಳನೆಯ ಕಥೆಯ ಬಾವಿ

ಕಳೆದ ಮಳೆಗಾಲದಲ್ಲಿ ಮುಂಬಯಿಯಲ್ಲಿ ನಮ್ಮ ಕಡೆಯ ಕನ್ನಡ ಸಂಘ ನಡೆಸಿದ ಕಥಾಸ್ಪರ್ಧೆಗೆ ಮೊದಲ ಸುತ್ತಿನ ಮೂವರು ಓದುಗರಲ್ಲಿ ನಾನೊಬ್ಬಳು. ನನ್ನ ಪಾಲಿಗೆ ಬಂದವು ಮೂವತ್ತೊಂದು. ಎಲ್ಲವೂ ಸಂಘದವರು ಟೈಪ್ ಮಾಡಿಸಿದ ಪ್ರತಿಗಳು. ಬರೆದವರ ಹೆಸರಿಲ್ಲ, ಬರೀ ಸಂಖ್ಯೆ. ಆಂಟಾಪ್ ಹಿಲ್‌ನ ಮನೆಯಿಂದ ಪವಾಯಿಯ ಆಫೀಸಿಗೆ ಹೋಗಿಬರುವಾಗ ದಿನಕ್ಕೆ ಎರಡರಂತೆ ಓದಿ, ಡೈರಿಯಲ್ಲಿ ಕೋಷ್ಟಕ ಹಾಕಿದೆ.

ಹಳ್ಳಿ ಒಳ್ಳೆಯದು, ಮುಂಬಯಿ ಕೆಟ್ಟದ್ದು ಎನ್ನುವವು ಇಪ್ಪತ್ತೆರಡು. ಬಾವಿ ಇರುವವು ಹದಿನಾಲ್ಕು. ಹದಿನಾಲ್ಕರಲ್ಲೂ ನೀರು ಸಿಹಿ. ಲೋಕಲ್ ರೈಲಿನಲ್ಲಿ ಯಾರೂ ಯಾರಿಗೂ ಜಾಗ ಕೊಡುವುದಿಲ್ಲ ಎನ್ನುವವು ಒಂಬತ್ತು. ಅವುಗಳಲ್ಲಿ ನಾಲ್ಕನ್ನು, ಯಾರೋ ಸರಿದು ಜಾಗ ಕೊಟ್ಟದ್ದರಿಂದ, ಕುಳಿತೇ ಓದಿದೆ.

ಆಯ್ಕೆಯಾಗದ ಕಥೆಯ ಕೊನೆಗೆ ಎರಡು ಸಾಲಿನ ಅಭಿಪ್ರಾಯ ಟೈಪ್ ಮಾಡಿ ಅಂಟಿಸಿ ಹಿಂದಿರುಗಿಸುವುದು ಸಂಘದ ಪದ್ಧತಿ. ಓದಿದವರ ಹೆಸರು ಅದರಲ್ಲಿರುವುದಿಲ್ಲ. ಹದಿನೇಳನೆಯ ಕಥೆಯಲ್ಲಿ ಚಾಳಿನ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತ ಮುದುಕನೊಬ್ಬ ತನ್ನೂರಿನ ಬಾವಿಯನ್ನು ನೆನೆಯುತ್ತಾನೆ. ಕಲ್ಲಿನ ಮೆಟ್ಟಿಲು, ರಾಟೆಯ ಸದ್ದು, ಕೊಡ ಹೊತ್ತ ಹೆಂಗಸರು. "ಬಾವಿಯನ್ನು ದೂರದಿಂದ ನೋಡಿದವರು ಬರೆದಂತಿದೆ. ಹಳ್ಳಿಯಲ್ಲಿ ಬಾಳಿದವರ ಬರವಣಿಗೆ ಅನ್ನಿಸುವುದಿಲ್ಲ" ಎಂದು ಟೈಪ್ ಮಾಡಿದೆ. ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿ ಡೈರಿಯಲ್ಲೂ ನಕಲು ಮಾಡಿಕೊಂಡೆ.

ಒಂಬತ್ತು ದಿನಗಳ ನಂತರ, ಶನಿವಾರ, ಸಂಘದ ಲಕೋಟೆ ನಮ್ಮ ಮನೆಗೇ ಬಂತು. ಅಪ್ಪನ ಹೆಸರಿಗೆ.

ಅಪ್ಪ ವಿಜಯಪುರದ ಕಡೆಯ ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಬಂದವರು, ಚೆಂಬೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಕಥೆ ಬರೆಯುತ್ತಾರೆಂಬುದು ನನಗಾಗಲಿ ಅಮ್ಮನಿಗಾಗಲಿ ಗೊತ್ತಿರಲಿಲ್ಲ. "ಸನ್ಮಾನಕ್ಕ ಕರದಾರೇನ್ರಿ? ಅಂಗಿ ಇಸ್ತ್ರಿ ಮಾಡಿ ಇಡ್ಲೇನು?" ಎಂದು ಅಮ್ಮ ಛೇಡಿಸಿದಳು. ಅಪ್ಪ ನಾಚಿ ನಕ್ಕರು. ಕಥೆ ಆಯ್ಕೆಯಾಗಿದೆ ಎಂದೇ ನಂಬಿದ್ದರೆಂಬುದು ಅವರು ಲಕೋಟೆಯನ್ನು ಹರಿಯದೆ, ಚಾಕುವಿನಿಂದ ಜೋಪಾನವಾಗಿ ಬಿಡಿಸಿದ್ದರಲ್ಲೇ ತಿಳಿಯುತ್ತಿತ್ತು. ಹಾಳೆಗಳು ಹೊರಬಂದಾಗ ಮೇಲ್ತುದಿಯಲ್ಲಿ ಕೆಂಪು ಶಾಯಿಯ ಹದಿನೇಳು ಕಂಡಿತು.

ಕೊನೆಯ ಹಾಳೆಯನ್ನು ಅವರು ಎರಡು ಸಲ ಓದಿದರು.

"ನಿನ್ನ ಕೈಗೆ ಬಂದಿತ್ತೇನು ಈ ಕಥಿ?"

"ಇಲ್ಲ ಪಪ್ಪಾ. ಆ ಬಂಡಲ್ ಬೇರೆಯವರ ಹತ್ರ ಇತ್ತು."

"ಓದಿದಾಂವ ಶಾಣ್ಯಾ ಅದಾನ. ಆ ಬಾವಿ ಹತ್ರ ನಮ್ಮ ಮಂದೀನ ಬಿಡತಿದ್ದಿಲ್ಲವ್ವಾ. ದೂರ ನಿಂತು ನೋಡೀನಿ, ಅಷ್ಟ. ನಾವು ಕುಡದದ್ದು ಹಳ್ಳದ ನೀರು."

ಊರಿನ ಬಗ್ಗೆ ಅಪ್ಪ ಎಂದೂ ಹೀಗೆ ಹೇಳಿರಲಿಲ್ಲ. ಅಮ್ಮ ಅಡಿಗೆಮನೆಗೆ ಎದ್ದುಹೋದಳು. ಹಾಗಿದ್ದರೆ ಅದನ್ನೇ ಬರೆಯಬಹುದಿತ್ತಲ್ಲ ಎಂದು ನಾನು ಮೆಲ್ಲಗೆ ಕೇಳಿದೆ.

"ಅದನ್ನ ಬರದ್ರ ನನಗ ಊರಂತ ಏನು ಉಳೀತೈತಿ?"

ಆ ಎರಡು ಸಾಲು ನನ್ನವೆಂದು ಇವತ್ತು ಹೇಳಬೇಕು ಎಂದು ಡೈರಿಯಲ್ಲಿ ಬರೆದ ದಿನಗಳು ಈವರೆಗೆ ಹನ್ನೊಂದು. ಹೇಳಿದ ದಿನ ಒಂದೂ ಇಲ್ಲ.

ಈ ವರ್ಷದ ಸ್ಪರ್ಧೆಯ ಕೊನೆಯ ದಿನ ಯಾವುದೆಂದು ಅಪ್ಪನಿಗೆ ನಾನಾಗಿಯೇ ತಿಳಿಸಿದೆ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಬರೆಯಲಾಗುವುದಿಲ್ಲ ಎಂದರು. ಹಾಗೆಂದವರು, ಕೈಯಲ್ಲಿದ್ದ ಪೇಪರನ್ನು ಮೂಲೆಯ ಸಣ್ಣ ಜಾಹೀರಾತುಗಳವರೆಗೂ ಓದುತ್ತಾ ಕುಳಿತರು.