ಸೊನ್ನೆಗೆ ಬಾರದ ಕಟ್ಟು

ಇಸ್ಪೀಟು ಕಟ್ಟನ್ನು ಒಂದೊಂದೇ ಎಲೆ ಮಗುಚಿ ಮುಗಿಸಿದಾಗ ಮರ್ಲ್ ಹಾಸ್ಕಿನ್ಸನ ತಲೆಯಲ್ಲಿ ಉಳಿಯಬೇಕಾದದ್ದು ಸೊನ್ನೆ. ಉಳಿಯುತ್ತಿದ್ದದ್ದು ಒಂದು. ಒಂಬತ್ತು ದಿನದಿಂದ, ಬೆಳಗಿನ ಕಾಫಿಗೂ ಅದೇ, ಮಧ್ಯಾಹ್ನದ ಕಾಫಿಗೂ ಅದೇ ದರಿದ್ರ ಒಂದು.

ಮರ್ಲ್ ನೆವಾಡದ ಫ್ಯಾಲನ್ನಿನಲ್ಲಿ ಮೂವತ್ತು ವರ್ಷದಿಂದ ಕಾಲುವೆಯ ನೀರುಗಂಟಿ. ಯಾರ ಹೊಲಕ್ಕೆ ಎಷ್ಟು ಹೊತ್ತು ತೂಬು ತೆರೆಯಬೇಕೆಂದು ಅವನಿಗೆ ಚೀಟಿ ಬೇಕಿಲ್ಲ. ಅಂಥವನಿಗೆ ಎಲೆ ಎಣಿಸಲು ಬರುವುದಿಲ್ಲವೆಂದರೆ ಅದು ಬುದ್ಧಿಯ ದೋಷವಲ್ಲ, ಹಠ ಸಾಲದ ದೋಷವೆಂದೇ ಅವನು ನಂಬಿದ್ದ.

ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಕಾಲುವೆಗೆ ನೀರು ಬಿಡುವ ಮುಂಚೆ ಒಮ್ಮೆ, ನವೆಂಬರಿನಲ್ಲಿ ನಿಲ್ಲಿಸಿದ ಮೇಲೆ ಒಮ್ಮೆ, ಅವನೂ ಹೆಂಡತಿ ಆರ್ಡಿತಳೂ ರೀನೋದ ಜೂಜುಮನೆಗೆ ಹೋಗಿ ಬ್ಲ್ಯಾಕ್‌ಜಾಕ್ ಮೇಜಿಗೆ ಕೂರುತ್ತಿದ್ದರು. ಎಣಿಕೆ ಅವಳದು, ಪಣ ಇವನದು. ಎರಡರಿಂದ ಆರರವರೆಗಿನ ಎಲೆ ಬಿದ್ದರೆ ಒಂದು ಕೂಡು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಏಳು, ಎಂಟು, ಒಂಬತ್ತಕ್ಕೆ ಲೆಕ್ಕವಿಲ್ಲ. ಮೊತ್ತ ಏರಿತೆಂದರೆ ದೊಡ್ಡ ಎಲೆಗಳು ಇನ್ನೂ ಒಳಗಿವೆ, ಪಣ ಏರಿಸು ಎಂದರ್ಥ. ಆಗ ಆರ್ಡಿತ್ ಕಾಫಿ ಲೋಟವನ್ನು ಎಡದಿಂದ ಬಲಕ್ಕೆ ಇಡುತ್ತಿದ್ದಳು, ಅಷ್ಟೇ. ಇಪ್ಪತ್ತೆರಡು ವರ್ಷ ಮರ್ಲ್ ಲೋಟ ನೋಡಿಕೊಂಡು ಆಡಿದ. ಪಕ್ಕದಲ್ಲಿ ಕೂತವಳ ತಲೆಯಲ್ಲಿ ಏನು ಓಡುತ್ತಿದೆಯೆಂದು ಒಂದು ದಿನವೂ ಕೇಳಲಿಲ್ಲ.

ಅವಳು ಹೋಗಿ ಮೂರು ವರ್ಷ. ಅಲ್ಲಿಂದೀಚೆಗೆ ಅವನು ರೀನೋ ರಸ್ತೆ ಹಿಡಿದಿಲ್ಲ. ಈಗ ನೀರು ನಿಲ್ಲಿಸಲು ಎರಡು ವಾರವಿತ್ತು. ಒಂದು ಸಲ, ಒಂದೇ ಸಲ, ಆ ಮೇಜಿಗೆ ಕೂತು ಅವಳು ಕಂಡದ್ದನ್ನು ತಾನೂ ಕಾಣಬೇಕೆಂಬುದು ಅವನ ಆಸೆ. ಗೆಲ್ಲುವುದು ಆಮೇಲಿನ ಮಾತು.

ಪಕ್ಕದ ಮನೆಯ ವೆಲ್ಡಾ ಇಪ್ಪತ್ತೆಂಟು ವರ್ಷ ರೀನೋದಲ್ಲಿ ಎಲೆ ಹಂಚಿ ನಿವೃತ್ತಳಾದವಳು. ಆ ಮಧ್ಯಾಹ್ನ ಏಪ್ರಿಕಾಟಿನ ಕಡುಬು ಹಿಡಿದು ಬಂದವಳು ಅವನ ಮುಖ ನೋಡಿಯೇ ಕೇಳಿದಳು.

"ಮತ್ತೆ ಒಂದಾ?"

"ಒಂದೇ."

"ಏನ್ ನೀರ್ಗಂಟಿನೋ ನೀನು. ಎರಡನೇ ಪದ್ಧತಿ ಹೇಳಿದ್ನಲ್ಲ, ಏಳಕ್ಕೂ ಒಂದು ಕೂಡೋದು? ಅದ್ರಲ್ಲಿ ಕಟ್ಟು ಎಷ್ಟು ಉಳಿದಿದೆ ಅಂತ ನೋಡಿ ಮೊತ್ತನ ಭಾಗಿಸೋ ರಗಳೆ ಇಲ್ಲ. ಕೊನೇಲಿ ನಾಲ್ಕು ಬರ್ಬೇಕು."

"ಐದು ಬಂತು."

ವೆಲ್ಡಾ ನಗು ತಡೆದುಕೊಂಡಳು. "ಹಾಗಾದ್ರೆ ಮೂರನೇದು. ಐದು ಬಿದ್ರೆ ಕೂಡು, ಎಕ್ಕ ಬಿದ್ರೆ ಕಳೆ, ಮಿಕ್ಕಿದ್ದಕ್ಕೆ ಕಣ್ಣು ಮುಚ್ಕೊ. ನನ್ನ ಮುಂದೆ ಮಾಡು."

ಮರ್ಲ್ ಮಾಡಿದ. ಸರಿಯಾಗಿ ಸೊನ್ನೆ ಬಂತು.

"ಮುಗೀತಲ್ಲ ಮಾರಾಯ! ವರ್ಷಕ್ಕೆ ಎರಡು ಸಲ ಹೋಗೋನಿಗೆ ಇದು ಬೇಕಾದಷ್ಟಾಯ್ತು."

"ಆರ್ಡಿತ್ ಇದನ್ನ ಎಣಿಸ್ತಿರ್ಲಿಲ್ಲ."

"ನೀನು ಆರ್ಡಿತ್ ಅಲ್ವಲ್ಲಪ್ಪ."

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಮರ್ಲ್ ಕಟ್ಟನ್ನು ಎತ್ತಿ ಗೋಡೆಗೆ ಎಸೆದ. ಜೂಜುಮನೆಯವರು ಬಳಸಿ, ನಡುವೆ ತೂತು ಕೊರೆದು ಗಿರಾಕಿಗಳಿಗೆ ಕೊಟ್ಟುಬಿಡುವ ಹಳೇ ಕಟ್ಟು ಅದು. ಆರ್ಡಿತಳದೇ. ಎಲೆಗಳು ಒಲೆಯ ಅಡಿಗೂ ಕುರ್ಚಿಯ ಅಡಿಗೂ ಹರಡಿದವು. ಮರುಗಳಿಗೆಗೆ ನಾಚಿಕೆಯಾಗಿ ಮಂಡಿಯೂರಿ ಹೆಕ್ಕತೊಡಗಿದ. ವೆಲ್ಡಾ ಅವನು ಕೊಟ್ಟ ಎಲೆಗಳನ್ನೆಲ್ಲ ಮೇಜಿಗೆ ಕುಟ್ಟಿ ಜೋಡಿಸಿ ಅಂಗೈಗೆ ತೆಗೆದುಕೊಂಡಳು. ಅಲ್ಲಿಗೇ ಅವಳ ಕೈ ನಿಂತಿತು.

"ಒಂದು ಎಲೆ ಕಮ್ಮಿ ಇದೆ."

"ಒಲೆ ಕೆಳಗೂ ನೋಡ್ದೆ. ಎಲ್ಲಾ ಎತ್ತಿದೀನಿ."

"ಇಪ್ಪತ್ತೆಂಟು ವರ್ಷ ಹಿಡಿದ ಕೈ ಇದು. ಎಣಿಸು."

ಎಣಿಸಿದ. ಐವತ್ತೊಂದು. ಮರ್ಲ್ ಕುರ್ಚಿಗೆ ಕುಸಿದ.

"ಅಂದ್ರೆ ನಾನು ತಪ್ಪಿಲ್ಲ."

"ಒಂದು ಸಲವೂ ತಪ್ಪಿಲ್ಲ. ಕಳೀಬೇಕಾದ ಒಂದು ದೊಡ್ಡ ಎಲೆ ಕಟ್ಟಲ್ಲೇ ಇಲ್ಲ. ಎಕ್ಕ ಅಲ್ಲ, ಎಕ್ಕ ಆಗಿದ್ರೆ ಮೂರನೇದೂ ಕೆಡ್ತಿತ್ತು. ಎಲ್ಲಿ ಹೋಯ್ತು ಅದು?"

ಮರ್ಲ್ ಕಿಟಕಿಯ ಬಳಿ ಬಟ್ಟೆ ಹೊದಿಸಿಟ್ಟ ಹೊಲಿಗೆ ಯಂತ್ರವನ್ನೇ ನೋಡುತ್ತಿದ್ದ. ಆರ್ಡಿತ್ ಅಭ್ಯಾಸಕ್ಕೆ ಕೂತಾಗ ಮೊದಲು ಒಂದು ಎಲೆಯನ್ನು ನೋಡದೆ ಎಳೆದು, ಬೋರಲಾಗಿ ಯಂತ್ರದ ಅಡಿಗೆ ಸರಿಸುತ್ತಿದ್ದಳು. ಮಿಕ್ಕವನ್ನು ಎಣಿಸಿ, ಮುಚ್ಚಿಟ್ಟದ್ದು ದೊಡ್ಡದೋ ಸಣ್ಣದೋ ಹೇಳಿ, ಆಮೇಲೆ ತೆಗೆದು ನೋಡುವುದು ಅವಳ ಕ್ರಮ. ಕೊನೆಯ ಸಲ ಹಾಗೆ ಕೂತಿದ್ದು ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ. ಹೊರಗೆ ಗಾಡಿ ಚಾಲೂ ಮಾಡಿ ಇವನು ಹಾರನ್ ಒತ್ತಿದ್ದ. ಒಮ್ಮೆಯಲ್ಲ, ಮೂರು ಸಲ. "ಬಂದೆ ಕಣೋ, ಪ್ರಾಣ ತಿನ್ಬೇಡ," ಎಂದು ಬಂದು ಕೂತವಳು, ಬಾಗಿಲು ಹಾಕುತ್ತಾ, "ದೊಡ್ಡದು," ಅಂದಿದ್ದಳು. ಏನು ದೊಡ್ಡದು ಎಂದು ಕೇಳಲು ಇವನಿಗೆ ಪುರಸೊತ್ತಿರಲಿಲ್ಲ.

ಮರ್ಲ್ ಎದ್ದು ಹೋಗಿ ಯಂತ್ರವನ್ನು ಒಂದು ಕಡೆಯಿಂದ ಎತ್ತಿದ. ಎಲೆ ಅಲ್ಲೇ ಇತ್ತು, ಅಂಚಿಗೆ ನೀಲಿ ದಾರದ ಚೂರು ಅಂಟಿಸಿಕೊಂಡು.

"ದೊಡ್ಡದು," ಎಂದು ಹೇಳಿಯೇ ಮಗುಚಿದ. ಡೈಮಂಡ್ ಹತ್ತು.

ವೆಲ್ಡಾ ಕಡುಬು ಕತ್ತರಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಕತ್ತರಿಸುತ್ತಲೇ ಕೇಳಿದಳು. "ಈಗ ಯಾವ ಪದ್ಧತಿ ತಗೊಂಡು ಹೋಗ್ತೀಯ?"

"ಅವಳದ್ದೇ."

"ಈಗ ಅಲ್ಲಿ ಆರು ಕಟ್ಟು ಸೇರ್ಸಿ ಆಡ್ಸೋ ಮೇಜುಗಳೇ ಜಾಸ್ತಿ. ಬಂದ ಮೊತ್ತನ ಉಳಿದ ಕಟ್ಟಿಗೆ ಭಾಗಿಸ್ಬೇಕು. ಗಲಾಟೇಲಿ, ಮಾತಾಡ್ತಾ. ಎರಡು ವಾರದಲ್ಲಿ ನಿನ್ನಪ್ಪನ ಕೈಲೂ ಆಗಲ್ಲ."

"ಹಾಗಾದ್ರೆ ವಸಂತಕ್ಕೆ ಹೋಗ್ತೀನಿ."

"ಆಗ್ಲೂ ಆಗ್ದಿದ್ರೆ?"

"ನವೆಂಬರ್ ಇಲ್ವಾ."

ವೆಲ್ಡಾ ಹೋದ ಮೇಲೆ ಮರ್ಲ್ ಐವತ್ತೆರಡನ್ನೂ ಕಲೆಸಿದ. ಒಂದನ್ನು ನೋಡದೆ ಎಳೆದು ಯಂತ್ರದ ಅಡಿಗೆ ಸರಿಸಿದ. ತನ್ನ ಕಾಫಿ ಲೋಟವನ್ನು ಎಡಗಡೆ ಇಟ್ಟುಕೊಂಡು, ಅವಳು ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ಮೊದಲ ಎಲೆ ಮಗುಚಿದ.