ನಡುಮನೆಯಲ್ಲಿ ಅಲ್‌ಹಂಬ್ರಾ

ಕಳೆದ ತಿಂಗಳು ಅಟ್ಟದ ಮೇಲಿದ್ದ ಹಳೆಯ ಟೇಬಲ್ ಲ್ಯಾಂಪೊಂದನ್ನು ಇಳಿಸಿ, ಒರೆಸದೆ ಹಾಗೆಯೇ ಸ್ವಿಚ್ ಹಾಕಿಬಿಟ್ಟೆ. ಬಲ್ಬಿನ ಮೇಲೆ ಕೂತಿದ್ದ ಧೂಳು ಕಾದು, ಸುಟ್ಟ ವಾಸನೆ ಕೋಣೆ ತುಂಬಿತು. ಬೇರೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಸ್ಪೇನ್ ದೇಶದ ವಾಸನೆ... ಲಿಂಗಸುಗೂರಿನಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಕಾಕಾ ನೆನಪಾದರು.

ಅದು ಎಂಬತ್ತರ ದಶಕದ ಕೊನೆ. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಮದುವೆಯಾಗಿರಲಿಲ್ಲ. ಒಂಟಿ ಹುಡುಗಿಗೆ ಮನೆ ಕೊಡಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದ ಹೊತ್ತಿನಲ್ಲಿ, ಕಾಕಾ ನನ್ನ ಊರು ಕೇರಿ ಏನೂ ವಿಚಾರಿಸದೆ ಒಂದೇ ಪ್ರಶ್ನೆ ಕೇಳಿದರು.

"ಐತವಾರ ಮಧ್ಯಾಹ್ನ ಮನ್ಯಾಗ ಇರ್ತೀಯೇನು, ತಂಗಿ?"

ಇರುತ್ತೇನೆ ಎಂದೆ. ಕೋಣೆ ಸಿಕ್ಕಿತು. ಯಾಕೆ ಹಾಗೆ ಕೇಳಿದರೆಂಬುದು ಮೊದಲ ಭಾನುವಾರವೇ ಗೊತ್ತಾಯಿತು.

ಕಾಕಾ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜನರನ್ನು ನೆಲದಾಳಕ್ಕೆ ಇಳಿಸಿ ಮತ್ತೆ ಮೇಲಕ್ಕೆತ್ತುವ ಯಂತ್ರ ನಡೆಸುವುದು ಅವರ ಕೆಲಸವಾಗಿತ್ತು. ಬೇರೆಯವರನ್ನೆಲ್ಲ ಕಳಿಸಿ ಕರೆಸಿಕೊಳ್ಳುತ್ತ, ತಾವು ಮಾತ್ರ ಕುರ್ಚಿಯಲ್ಲೇ ಆಯುಷ್ಯ ಕಳೆದಿದ್ದರು. ಯಾವುದೋ ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ಎಂಜಿನಿಯರನೊಬ್ಬ ಊರಿಗೆ ಹೊರಟಾಗ ಸಾಮಾನು ಹಗುರ ಮಾಡಿಕೊಳ್ಳಲು ತನ್ನ ಸ್ಲೈಡ್ ಪ್ರೊಜೆಕ್ಟರನ್ನೂ ಒಂದು ಡಬ್ಬಿ ಸ್ಲೈಡುಗಳನ್ನೂ ಅವರಿಗೆ ಕೊಟ್ಟು ಹೋಗಿದ್ದನಂತೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಚೌಕಟ್ಟಿನೊಳಗಿನ ಬಣ್ಣದ ಚಿತ್ರ, ಹಿಂದಿನಿಂದ ಬೆಳಕು ಬಿಟ್ಟರೆ ಗೋಡೆಯಷ್ಟಾಗುತ್ತಿತ್ತು. ಡಬ್ಬಿಯಲ್ಲಿದ್ದ ಅರವತ್ತು ಸ್ಲೈಡುಗಳೂ ಒಂದೇ ಜಾಗದವು. ಸ್ಪೇನಿನ ಅಲ್‌ಹಂಬ್ರಾ, ಹಿಂದೆ ಮುಸ್ಲಿಂ ಸುಲ್ತಾನರು ಗುಡ್ಡದ ಮೇಲೆ ಕಟ್ಟಿಸಿದ ಕೆಂಪು ಕೋಟೆ, ಅದರೊಳಗೆ ಅರಮನೆ. ಜೊತೆಗೊಂದು ಇಂಗ್ಲಿಷ್ ಪುಸ್ತಕವಿತ್ತು. ಕಾಕಾ ಅದನ್ನು ಡಿಕ್ಷನರಿ ಇಟ್ಟುಕೊಂಡು ಓದಿ ಬಾಯಿಪಾಠ ಮಾಡಿದ್ದರು. ಓಣಿಯವರ ಬಾಯಲ್ಲಿ ಅಲ್‌ಹಂಬ್ರಾ "ಅಲಂಬರಿ" ಆಗಿತ್ತು.

ಪ್ರತಿ ಭಾನುವಾರ ಮಧ್ಯಾಹ್ನ, ಕಿಟಕಿಯೇ ಇಲ್ಲದ ನಡುಮನೆಯಲ್ಲಿ ಪ್ರದರ್ಶನ. ಬಾಗಿಲಿಗೆ ಕಂಬಳಿ. ಹೊರಗೆ ಬಿಸಿಲು, ಒಳಗೆ ಇಪ್ಪತ್ತು ಜನರ ಬೆವರು, ಪ್ರೊಜೆಕ್ಟರಿನ ಬಲ್ಬಿನ ಮೇಲೆ ಧೂಳು ಸುಟ್ಟ ವಾಸನೆ. ಗೋಡೆಯ ಮೇಲೆ ಕಾರಂಜಿ ಚಿಮ್ಮುವಾಗ ಎಲ್ಲರೂ ಸೆರಗಿನಿಂದ, ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರು ಅರಮನೆ ಗೋಡೆಯ ಮೇಲಿನ ಅರಬ್ಬಿ ಬರಹ ಓದಲು ಎದ್ದು ಹತ್ತಿರ ಹೋಗುತ್ತಿದ್ದರು. ಆಗ ಬರಹವೆಲ್ಲ ಅವರ ಬಿಳಿ ಅಂಗಿಯ ಮೇಲೆ ಬೀಳುತ್ತಿತ್ತು.

"ಕೂಡ್ರಿ ಮಾಸ್ತರ, ಅರಮನಿ ನಿಮ್ಮ ಬೆನ್ನಮ್ಯಾಲೆ ಬಿದ್ದೈತಿ," ಎನ್ನುತ್ತಿದ್ದರು ಹಿಂದಿನವರು.

ಒಂದು ಚಿತ್ರದಲ್ಲಿ ಉದ್ದನೆಯ ಕೊಳ, ಅದರ ತುದಿಗೆ ಅರಮನೆ, ನೀರಿನಲ್ಲಿ ಅದೇ ಅರಮನೆಯ ಪ್ರತಿಬಿಂಬ. ವರ್ಷಗಟ್ಟಲೆ ಎಲ್ಲರೂ ಅದನ್ನು ನೋಡಿ ತಲೆದೂಗಿದ್ದರು. ಒಂದು ಭಾನುವಾರ ನಮ್ಮ ಓಣಿಯ ಲೈನ್‌ಮನ್ ಮೂಲೆಗೆ ಬೊಟ್ಟು ಮಾಡಿದ.

"ಕಾಕಾ, ಆ ದೇಶದಾಗ ಮಂದಿ ತಲಿ ಕೆಳಗ ಮಾಡಿ ನಡೀತಾರೇನ್ರಿ?"

"ಅದು ನೀರಾಗಿನ ನೆರಳಲೇ."

"ನೆರಳಿನ ಟೊಪ್ಪಿಗಿ ನಿಚ್ಚಳ ಐತಿ, ಮನಷಾನ ಟೊಪ್ಪಿಗಿ ಅಳ್ಳಾಡಾಕತ್ತೈತಿ. ಹೆಂಗ್ರಿ?"

ಕಾಕಾ ಸ್ಲೈಡ್ ತೆಗೆದು ತಿರುಗಿಸಿ ಹಾಕಿದರು. ಇಷ್ಟು ವರ್ಷ ತಲೆಕೆಳಗಾಗಿದ್ದ ಅರಮನೆ ನೆಟ್ಟಗಾಯಿತು. ಎದುರುಮನೆಯ ದೊಡ್ಡವ್ವ ಮಾತ್ರ ಮೊದಲಿನದೇ ಚೆನ್ನಾಗಿತ್ತು ಎಂದಳು.

ಈ ನಡುವೆ ಇನ್ನೊಂದು ಸಂಗತಿ ಮೆಲ್ಲಗೆ ನಡೆದಿತ್ತು. ನಾನು ಬಂದ ಹೊಸತರಲ್ಲಿ ಕಾಕಾ, "ಸಾಹೇಬ್ರು ಇಲ್ಲಿ ನಿಂತು ಫೋಟೋ ತಗದಾರ," ಎನ್ನುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಸಾಹೇಬರು ಹಿಂದೆ ಸರಿದು, "ಇಲ್ಲಿ ನಿಂತ್ರ ಹಿಮದ ಗುಡ್ಡ ಕಾಣತೈತಿ," ಎಂದಾಯಿತು. ಆಮೇಲೊಂದು ದಿನ, ಸಿಂಹಗಳು ಹೊತ್ತ ಕಾರಂಜಿಯ ಚಿತ್ರ ಬಂದಾಗ, ಕತ್ತಲಲ್ಲಿ ಕಾಕಾರ ಧ್ವನಿ ಕೇಳಿತು: "ನಾ ಇಲ್ಲೇ ಬಗ್ಗಿ ನೀರು ಕುಡದೆ. ಏನು ತಂಪು ಅಂತೀರಿ."

ಯಾರೂ ಪ್ರಶ್ನಿಸಲಿಲ್ಲ. ಕಾಕಾ ಗಣಿಯ ಕಡೆಯಿಂದ ಸ್ಪೇನಿಗೆ ಹೋಗಿ ಬಂದವರು ಎಂದು ಓಣಿ ನಂಬಿತು. ನಿಜ ಗೊತ್ತಿದ್ದದ್ದು ಅವರ ಹೆಂಡತಿ ಕಾಕುಗೆ ಮತ್ತು ನನಗೆ. ಕಾಕು ಹಪ್ಪಳ ಒತ್ತುತ್ತ ನನಗೆ ಹೇಳಿದ್ದರು: "ಇವರು ಗುಂತಕಲ್ ದಾಟಿಲ್ಲಬೇ. ಅಲ್ಲಿಗೂ ಬೀಗರ ಮದುವಿಗಂತ ಹೋಗಿದ್ರು."

ತೊಂಬತ್ತರ ದಶಕ ಶುರುವಾಗಿತ್ತು. ದೊಡ್ಡವ್ವನ ತಮ್ಮನಿಗೆ ಸಿಂಧನೂರಿನಲ್ಲಿ ರೈಸ್ ಮಿಲ್ ಇತ್ತು. ಆತ ಮಿಲ್ಲಿನ ಯಂತ್ರಗಳನ್ನು ನೋಡಲು ಯುರೋಪಿಗೆ ಹೋಗಿ, ಸ್ಪೇನನ್ನೂ ಸುತ್ತಿ ಬಂದನೆಂಬ ಸುದ್ದಿ ಬಂತು. ದೊಡ್ಡವ್ವನಿಗೆ ಹಿಡಿಸಲಾರದ ಸಂತೋಷ.

"ನನ್ನ ತಮ್ಮ ಮುಂದಿನ ಐತವಾರ ಬರಾಕತ್ತಾನ, ಕಾಕಾ. ಆ ಅಲಂಬರಿಗೂ ಹೋಗ್ಯಾನಂತ. ಇಬ್ರೂ ನೋಡಿ ಬಂದೋರು, ಕೂತು ಮಾತಾಡ್ರಿ."

ಆ ವಾರವಿಡೀ ಕಾಕಾ ಊಟ ಸರಿಯಾಗಿ ಮಾಡಲಿಲ್ಲ. ಪುಸ್ತಕ ತಿರುವಿ ತಿರುವಿ ಅದರ ಹೊಲಿಗೆ ಬಿಚ್ಚಿಹೋಯಿತು. ಭಾನುವಾರ ಬೆಳಿಗ್ಗೆ ನನ್ನ ಬಾಗಿಲಲ್ಲಿ ಬಂದು ನಿಂತರು.

"ತಂಗಿ, ಒಂದು ಕೆಲಸ ಮಾಡು. ಮಂದಿ ಕೂತಮ್ಯಾಲೆ ಹೊರಗ ಹೋಗಿ ಫ್ಯೂಜ್ ಕಿತ್ತಿಬಿಡು. ಕರೆಂಟ್ ಹೋತು ಅಂತ ಎಲ್ಲಾರೂ ಎದ್ದು ಹೋಗ್ತಾರ."

ಸರ್ಕಾರಿ ನೌಕರಿಯವಳು ನಾನು, ಇಂಥದ್ದೆಲ್ಲ ಮಾಡಬಹುದೇ ಎಂದು ಕ್ಷಣ ಯೋಚಿಸಿದೆ. ಅವರ ಮುಖ ನೋಡಿ ಒಪ್ಪಿಕೊಂಡೆ.

ಮಧ್ಯಾಹ್ನ ಜನ ಹಿಂದೆಂದೂ ಸೇರದಷ್ಟು ಸೇರಿದರು. ಮಿಲ್ ಮಾಲಕರಿಗೆ ಕುರ್ಚಿ, ಉಳಿದವರಿಗೆ ಜಮಖಾನೆ. ಪ್ರೊಜೆಕ್ಟರ್ ಗುಂಯ್ ಎನ್ನುತ್ತಿದ್ದಂತೆ ನಾನು ಹೊರಗೆ ಹೋಗಿ ಫ್ಯೂಜ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಳಗೆ ಕತ್ತಲಾಯಿತು. ಕಾಕಾ ನಿಟ್ಟುಸಿರು ಬಿಟ್ಟದ್ದು ನನಗೆ ಹೊರಗೇ ಕೇಳಿಸಿತು. ಆದರೆ ನಾವಿಬ್ಬರೂ ಲೈನ್‌ಮನ್ನನ್ನು ಮರೆತಿದ್ದೆವು. ಆತ ಎದ್ದು ಬಂದು, ಬೋರ್ಡು ನೋಡಿ, "ಯಾರೋ ಫ್ಯೂಜ್ ಕದ್ದಾರ," ಎಂದು ಗೊಣಗಿ, ಕಿಸೆಯಿಂದ ತಂತಿ ತೆಗೆದು ಎರಡೇ ನಿಮಿಷದಲ್ಲಿ ಸರಿಮಾಡಿದ. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಅವನ ಹಿಂದೆಯೇ ಒಳಗೆ ಹೋಗಿ ಕೂತೆ.

ಕಾಕಾ ಶುರುಮಾಡಿದರು. ಸಣ್ಣ ಧ್ವನಿ. "ಇದು ಕೋಟಿ. ಇದು ಬುರುಜು. ಇದು ಕೊಳ." ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ. ಜನ ಮಿಸುಕಾಡತೊಡಗಿದರು. ಕಾರಂಜಿಯ ಚಿತ್ರ ಬಂದಾಗ ದೊಡ್ಡವ್ವನಿಗೆ ತಡೆಯಲಾಗಲಿಲ್ಲ.

"ಇಲ್ಲೇ ಅಲ್ರೀ ನೀವು ನೀರು ಕುಡದಿದ್ದು? ಅದನ್ನ ಹೇಳ್ರಿ ನನ್ನ ತಮ್ಮಗ."

ಮಿಲ್ ಮಾಲಕರು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿದರು. "ಹೌದೇನ್ರಿ? ನೀವು ಯಾವಾಗ ಹೋಗಿದ್ರಿ?"

ಪ್ರೊಜೆಕ್ಟರಿನ ಫ್ಯಾನ್ ಒಂದೇ ತಿರುಗುತ್ತಿತ್ತು.

"ನಾ ಹೋಗಿಲ್ರಿ," ಎಂದರು ಕಾಕಾ. "ಗುಂತಕಲ್ ದಾಟಿಲ್ಲ. ಹೇಳ್ತಾ ಹೇಳ್ತಾ ಬಾಯಿಗೆ ಹಂಗ ಬಂದುಬಿಡ್ತು."

"ಹಂಗಾರ ನೀರು ಕುಡದಿದ್ದು?" ದೊಡ್ಡವ್ವ ಕೇಳಿದಳು.

"ಅದೂ ಸುಳ್ಳವ್ವ."

ನನಗೆ ನೆಲದೊಳಗೆ ಇಳಿದುಹೋಗುವ ಹಾಗಾಗಿತ್ತು. ಆಗ ಮಿಲ್ ಮಾಲಕರು ಕೆಮ್ಮಿದರು. ಗೋಡೆಯ ಕಡೆ ಮುಖ ಮಾಡಿಯೇ ಹೇಳಿದರು.

"ನಾನೂ ಒಳಗ ಹೋಗಿಲ್ರಿ. ಬಸ್ಸು ಗೇಟಿನ ತನಕ ಒಯ್ದಿತ್ತು. ಅವತ್ತಿನ ಟಿಕೆಟ್ ಮುಗದಿದ್ವು. ಹೊರಗಿನ ಗೋಡಿ ನೋಡಿ, ಮನಿಯಾಕಿಗೆ ಅದರ ಚಿತ್ರ ಇದ್ದ ಒಂದು ಪ್ಲೇಟು ತಗೊಂಡು ಬಂದೆ. ಊರಾಗ ಎಲ್ಲಾರೂ ಕೇಳಾಕತ್ರು, ನೋಡೀನಿ ಅಂದೆ."

ದೊಡ್ಡವ್ವ ಹಣೆ ಬಡಿದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿತು.

"ಮುಂದಿಂದು ಹಾಕ್ರಿ," ಎಂದರು ಮಾಲಕರು. "ಒಳಗ ಏನೈತಿ ನೋಡೋಣು."

ಕಾಕಾ ಹಾಕಿದರು. ಅಂದು ಅರವತ್ತನ್ನೂ ತೋರಿಸಿದರು. ಯಾವ ಕಂಬದ ಹಿಂದೆ ಯಾವ ಕೋಣೆ, ಚಾವಣಿಯ ಜೇನುಗೂಡಿನಂಥ ಕೆತ್ತನೆ, ಕಾಲುವೆಯ ನೀರು ಗುಡ್ಡ ಹತ್ತಿ ಬಂದ ಬಗೆ, ಎಲ್ಲವನ್ನೂ ಮಾಲಕರು ಕೇಳಿ ಕೇಳಿ ತಿಳಿದುಕೊಂಡರು. ಸಿಂಧನೂರಿಗೆ ಹೋಗಿ ಹೇಳಲು ಅವರಿಗೂ ಬೇಕಾಗಿತ್ತು.

ಮುಂದಿನ ಭಾನುವಾರ ಯಾರೂ ಬರಲಾರರೆಂದು ಕಾಕಾ ಜಮಖಾನೆಯನ್ನೇ ಹಾಸಿರಲಿಲ್ಲ. ಎಲ್ಲರೂ ಬಂದರು. ಕಾಕಾ ಈಗ ಬಲು ಜಾಗರೂಕತೆಯಿಂದ, ಪುಸ್ತಕದಲ್ಲಿ ಇದ್ದಷ್ಟನ್ನೇ ಹೇಳತೊಡಗಿದರು. ಮೂರು ವಾರ ಹಾಗೇ ನಡೆಯಿತು. ಉರ್ದು ಮಾಸ್ತರರು ನಿದ್ದೆಹೋದರು. ನಾಲ್ಕನೆಯ ವಾರ ದೊಡ್ಡವ್ವ ಎದ್ದು ನಿಂತಳು.

"ಕಾಕಾ, ಸುಳ್ಳಂತ ನಮಗ ಗೊತ್ತೈತಿ. ನೀವು ಮೊದಲಿನಂಗ ಹೇಳ್ರಿ."

ಕಾಕಾ ಪುಸ್ತಕ ಮುಚ್ಚಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಾ ಇಲ್ಲಿ ಬಂದಾಗ ಸಣ್ಣಗ ಮಳಿ ಹತ್ತಿತ್ತು," ಎಂದರು. ನಡುಮನೆಯಲ್ಲಿ ಎಲ್ಲರೂ ಮಗ್ಗುಲು ಬದಲಿಸಿ ಆರಾಮಾಗಿ ಕೂತರು.

ಮುಂದೆ ನನಗೆ ಮಸ್ಕಿಗೆ ವರ್ಗವಾಯಿತು. ಮದುವೆಯಾಯಿತು. ಬಸ್ಸಿನಲ್ಲಿ ಹೋದರೆ ಎಷ್ಟು ದೂರ, ಆದರೂ ಹೋಗುವುದು ಕಡಿಮೆಯಾಯಿತು. ಕಾಕಾ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಂಗಳಾಗಿತ್ತು. ಸ್ಲೈಡುಗಳಿಗೆ ಬೂಷ್ಟು ಹಿಡಿದಿತ್ತಂತೆ...

ಲ್ಯಾಂಪ್ ಹಚ್ಚಿದ ಮಾರನೆಯ ದಿನವೇ ಸಿಂಧನೂರಿಗೆ ಹೋದೆ. ಕಾಕು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಈಗ ಫೋನಿನಲ್ಲಿ ಅಲ್‌ಹಂಬ್ರಾ ಪೂರ್ತಿ ಸಿಗುತ್ತದೆ. ಬೆರಳಾಡಿಸಿದರೆ ಅಂಗಳದಿಂದ ಅಂಗಳಕ್ಕೆ ನಡೆಯಬಹುದು, ಕತ್ತೆತ್ತಿ ಚಾವಣಿ ನೋಡಬಹುದು. ಕಾಕು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ನಾ ಇದನ್ನ ನೋಡೇ ಇಲ್ಲಬೇ," ಎಂದರು. "ಅಷ್ಟು ಮಂದಿಗೆ ಚಾ ಮಾಡೋದ ಆಗ್ತಿತ್ತು. ಅಡಿಗಿಮನ್ಯಾಗಿಂದ ಅವರ ಮಾತು ಕೇಳ್ತಿದ್ದೆ ಅಷ್ಟ. ಇದರಾಗ ಯಾರೂ ಮಾತಾಡಂಗಿಲ್ಲೇನು?"

ಇಲ್ಲ ಎಂದೆ. ನಾನೇ ಹೇಳುತ್ತೇನೆಂದು ಶುರುಮಾಡಿದೆ. ಕೋಟೆ, ಬುರುಜು, ಕೊಳ. ಸಿಂಹಗಳ ಕಾರಂಜಿಯವರೆಗೆ ಹೇಗೋ ತಲುಪಿದೆ. ಅಲ್ಲಿಂದ ಬಲಕ್ಕೊಂದು ಬಾಗಿಲು, ಎಡಕ್ಕೊಂದು ಬಾಗಿಲು. ಕಾಕಾ ನಮ್ಮನ್ನು ಯಾವುದರಿಂದ ಒಳಗೆ ಕರೆದೊಯ್ಯುತ್ತಿದ್ದರು ಎಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

"ಮುಂದ?" ಎಂದರು ಕಾಕು.

ಅಡಿಗೆಮನೆಯಿಂದ ಕೇಳಿದ್ದು ನೆನಪಿದೆಯೇ, ಬಲಕ್ಕೋ ಎಡಕ್ಕೋ ಎಂದು ನಾನು ಅವರನ್ನೇ ಕೇಳಿದೆ.