ಸೋಮಶೇಖರ್ ಮೇಷ್ಟ್ರ ಡಾಂಬರು ರೊಟ್ಟಿ

ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಸೋಮಶೇಖರ್ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿ ನೋಡಿ. ಯಾರಾದರೂ ದಾರಿ ತೋರಿಸುತ್ತಾರೆ, ತೋರಿಸುವಾಗ ಸ್ವಲ್ಪ ನಗುತ್ತಾರೆ ಕೂಡ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮನುಷ್ಯ. ತಪ್ಪು ಎಂಬುದು ಜಗತ್ತಿನಲ್ಲಿ ಉಂಟು, ಆದರೆ ಅದು ಯಾವಾಗಲೂ ಬೇರೆಯವರಿಂದಲೇ ಆಗುವಂಥದ್ದು ಎಂದು ಗಟ್ಟಿಯಾಗಿ ನಂಬಿದವರು. ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ತಪ್ಪಿದರೆ ಡ್ರೈವರನ ತಪ್ಪು, ಹುಡುಗ ಫೇಲಾದರೆ ಅವನ ಅಪ್ಪನ ತಪ್ಪು.

ಇಂಥವರ ಹೊಟ್ಟೆಯೊಳಗೆ ಒಂದು ಸುಳ್ಳು ಕೂತಿತ್ತು. ನೌಕರಿಗೆ ಸೇರಿದ ಮೊದಲ ವರ್ಷ, ಬೋರ್ಡಿನ ಮೇಲೆ ಶನಿಗ್ರಹ ಬರೆದು ಅದಕ್ಕೆ ಬಳೆ ತೊಡಿಸುತ್ತಿದ್ದಾಗ, ಗೀತಾಂಜಲಿ ಎಂಬ ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಸರ್ ಅದನ್ನು ಕಣ್ಣಾರೆ ನೋಡಿದ್ದಾರೋ ಎಂದು ಕೇಳಿದ್ದಳು. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಮೇಷ್ಟ್ರ ನಾಲಿಗೆ ಹೊರಳಲಿಲ್ಲ. "ನೋಡೀನಲ್ಲ! ಬೆಂಗಳೂರಾಗ, ದೊಡ್ಡ ದುರ್ಬೀನಿನಾಗ" ಎಂದುಬಿಟ್ಟರು.

ಮೇಷ್ಟ್ರ ಸಂಬಳಕ್ಕೆ ವರ್ಷಕ್ಕೊಂದು ಇನ್‌ಕ್ರಿಮೆಂಟ್ ಸಿಗುವಂತೆ ಆ ಸುಳ್ಳಿಗೂ ಸಿಗುತ್ತಾ ಹೋಯಿತು. ಎರಡನೇ ವರ್ಷ ಬಳೆಗೆ ಬಂಗಾರದ ಬಣ್ಣ ಬಂತು. ಐದನೇ ವರ್ಷ ಬಳೆಗಳು ಮೂರಾದವು. ಹತ್ತನೇ ವರ್ಷದ ಹೊತ್ತಿಗೆ ದೊಡ್ಡ ವಿಜ್ಞಾನಿಯೊಬ್ಬರು ಇವರ ಬೆನ್ನು ತಟ್ಟಿ, "ಸೋಮಶೇಖರ್, ನೀವು ಇಲ್ಲೇ ಇದ್ದುಬಿಡಿ" ಎಂದು ಕೈ ಹಿಡಿದು ಬೇಡಿಕೊಂಡಿದ್ದರು. ಹೆಂಡತಿ ಕೊಟ್ರಮ್ಮನಿಗೂ ಮದುವೆಯಾದ ವಾರದಲ್ಲೇ ಇದನ್ನು ಹೇಳಿದ್ದರು. ಆಕೆ ಪಾಪ, ಕೊಟ್ಟೂರಿನ ತವರುಮನೆಗೆಲ್ಲ ಅದನ್ನು ಹಂಚಿ ಬಂದಿದ್ದಳು.

ಈಗ ಆ ಗೀತಾಂಜಲಿ ಚಿಗಟೇರಿಯಲ್ಲಿ ಹೆಡ್ ಮೇಡಂ. ಮೇಷ್ಟ್ರು ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಸಿಕ್ಕ ಜೋರಿನಲ್ಲಿ, ಇನ್ನು ಮನೆಯಲ್ಲೇ ಕೂತು ದುರ್ಬೀನು ಮಾಡುತ್ತೇನೆ ಎಂದು ಸಾರಿದ್ದು ಅವಳ ಕಿವಿಗೂ ಬಿದ್ದಿತ್ತು. ಒಂದು ದಿನ ಮನೆಗೇ ಬಂದಳು. "ಸರ್, ದೀಪಾವಳಿ ಆದ ಮ್ಯಾಲ ನಮ್ಮ ಶಾಲಿ ಮಕ್ಕಳಿಗೆ ಶನಿ ಬಳಿ ತೋರಿಸ್ರಿ. ನೀವು ನೋಡಿದ್ದನ್ನ ಅವೂ ನೋಡ್ಲಿ" ಎಂದಳು. ಮೇಷ್ಟ್ರು ಹೂಂ ಎಂದರು. ಅವರ ಲೆಕ್ಕಾಚಾರ ಇಷ್ಟೇ: ಮಕ್ಕಳಿಗಿಂತ ಮೊದಲು ತಾವು ಒಮ್ಮೆ ಗುಟ್ಟಾಗಿ ನೋಡಿಬಿಟ್ಟರೆ ಸುಳ್ಳು ನಿಜವಾಗುತ್ತದೆ, ತಾರೀಖು ಒಂದಷ್ಟು ಆಚೀಚೆ ಆದರೇನಂತೆ? ನೋಡದೆ ಹೋದರೆ ಮಾನ ಉಳಿಯುವುದಿಲ್ಲ.

ದುರ್ಬೀನಿನ ಕನ್ನಡಿ ಮಾಡಲು ಆರಿಂಚಿನ ಗಾಜಿನ ಬಿಲ್ಲೆ ತರಿಸಿದರು. ಅದನ್ನು ಗುಳಿ ಬೀಳುವಂತೆ ತಿಕ್ಕುವ ಕರಕರ ಸದ್ದಿಗೆ ಪಕ್ಕದ ಮನೆಯವರು ಎರಡು ತಿಂಗಳು ಹಲ್ಲು ಕಡಿದರು. ಆಮೇಲೆ ಹೊಳಪು ಕೊಡುವ ಕೆಲಸ. ಅದಕ್ಕೆ ಗಾಜಿನ ಗುಳಿಗೆ ಸರಿಯಾಗಿ ಕೂರುವಂಥ ಒಂದು ತಟ್ಟೆ ಬೇಕು. ರಾಳ ಕರಗಿಸಿ, ಜೇನುಮೇಣ, ಹರಳೆಣ್ಣೆ ಬೆರೆಸಿ, ಸಿಮೆಂಟಿನ ಬಿಲ್ಲೆಯ ಮೇಲೆ ಸುರಿದು, ಬಿಸಿ ಆರುವ ಮೊದಲೇ ಗಾಜು ಒತ್ತಿ ಅಚ್ಚು ತೆಗೆದು, ಮೇಲೆ ಚೌಕ ಚೌಕ ಗೆರೆ ಕೊಯ್ಯಬೇಕು. ಅದಕ್ಕೆ ಪಾಲಿಶ್ ಪುಡಿಯ ನೀರು ಹಚ್ಚಿ, ಗಾಜನ್ನು ಅದರ ಮೇಲೆ ಗಂಟೆಗಟ್ಟಲೆ ಆಡಿಸಬೇಕು. ಮೇಷ್ಟ್ರು ಅದನ್ನು ಪಿಚ್ ಲ್ಯಾಪ್ ಎನ್ನುತ್ತಿದ್ದರು. ತನ್ನ ಒಗ್ಗರಣೆ ಬಾಣಲೆಯನ್ನು ಅದಕ್ಕೆ ಕಳೆದುಕೊಂಡಿದ್ದ ಕೊಟ್ರಮ್ಮ ಮಾತ್ರ ಡಾಂಬರು ರೊಟ್ಟಿ ಎನ್ನುತ್ತಿದ್ದಳು.

ಮೊದಲನೇ ರೊಟ್ಟಿಯ ಅಳತೆ ಕಲಿಸಿದವನು ಮೊಬೈಲಿನ ವಿಡಿಯೋದಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ ಯಾವುದೋ ಚಳಿದೇಶದ ದೊರೆ. ಇಲ್ಲಿ ಏಪ್ರಿಲ್ ತಿಂಗಳು. ಮಧ್ಯಾಹ್ನದೊಳಗೆ ರಾಳ ಹರಿದು ಗೆರೆಗಳೆಲ್ಲ ಮುಚ್ಚಿ, ಅಂಚಿನಿಂದ ಜೋತುಬಿತ್ತು. ಎರಡನೆಯದಕ್ಕೆ ಸಿಟ್ಟಿನಿಂದ ಇನ್ನಷ್ಟು ರಾಳ ಸುರಿದರು, ಅದು ಗಡುಸಾಗಿ ಚಟ್ಟೆಂದು ಒಡೆಯಿತು. ಮೂರನೆಯ ಸಲ ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮನಿಗೆ ತಡೆಯಲಾಗಲಿಲ್ಲ.

"ಪಾಕ ನೋಡಿದಂಗ ನೋಡ್ರಿ. ತಣ್ಣೀರಾಗ ಒಂದು ಹನಿ ಹಾಕಿ ಉಗುರಿಲೆ ಒತ್ರಿ. ಶೇಂಗಾ ಉಂಡಿ ನೀವೇನು ಥರ್ಮಾಮೀಟರ್ ಇಟ್ಕೊಂಡು ತಿಂತೀರೇನು?"

"ಇದು ವಿಜ್ಞಾನ ಐತಿ, ಉಂಡಿ ಅಲ್ಲ. ನಡಿ ಒಳಗ" ಎಂದು ಮೇಷ್ಟ್ರು ಗದರಿದರು. ಆಕೆ ಒಳಗೆ ಹೋದ ಮೇಲೆ ನೀರಿಗೆ ಒಂದು ಹನಿ ಹಾಕಿ, ಉಗುರಿನಿಂದ ಒತ್ತಿ ನೋಡಿದರು. ಉಗುರು ಮೆತ್ತಗೆ ಇಳಿಯಿತು, ರಾಳ ಒಡೆಯಲಿಲ್ಲ. ಸಂಜೆ ಆಕೆಗೆ, ವಿದೇಶದಲ್ಲಿ ಇದಕ್ಕೆ ಉಗುರು ಪರೀಕ್ಷೆ ಎನ್ನುತ್ತಾರೆ ಎಂದು ತಿಳಿಸಿಕೊಟ್ಟರು. ನಾಚಿಕೆ ಎಂಬುದು ಆ ಕೋಣೆಗೆ ಕಾಲಿಟ್ಟಿರಲೇ ಇಲ್ಲ.

ಇನ್ನು ಧೂಳಿನ ಕಾಟ. ರಾಳದಲ್ಲಿ ಒಂದೇ ಒಂದು ಕಾಳು ಸಿಕ್ಕಿಬಿದ್ದರೂ ಗಾಜಿನ ಮೇಲೆ ಗೀರು ಬೀಳುತ್ತದೆ. ಅದಕ್ಕೆ ಮೇಷ್ಟ್ರು ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದರು, ಫ್ಯಾನ್ ಆರಿಸಿದರು, ಬಾಗಿಲಿಗೆ ಕೀಲಿ ಜಡಿದು ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು. ಚಹ ಕೂಡ ಬಾಗಿಲ ಸಂದಿಯಿಂದಲೇ ಒಳಗೆ ಹೋಗಬೇಕು. ನಲವತ್ತೊಂದು ಡಿಗ್ರಿ ಬಿಸಿಲಿನ ಊರಿನಲ್ಲಿ ಆ ಕೋಣೆಯೊಳಗೆ ಕೂತು, ಮೂರು ವಾರ, ದಿನಕ್ಕೆ ನಾಲ್ಕು ಗಂಟೆ ರೊಟ್ಟಿಯ ಮೇಲೆ ಬಗ್ಗಿ ಗಾಜು ಆಡಿಸಿದರು.

ಒಂದು ಮಧ್ಯಾಹ್ನ ಗಾಜು ಎತ್ತಿ ಬೆಳಕಿಗೆ ಹಿಡಿದರೆ, ಅಯ್ಯೋ ಶಿವನೇ! ಬೆಕ್ಕು ಪರಚಿದಂತೆ ಮೈತುಂಬ ಸಣ್ಣ ಗೀರು. ಭೂತಗನ್ನಡಿ ಇಟ್ಟು ನೋಡಿದರೆ ರಾಳದಲ್ಲಿ ಅಲ್ಲಲ್ಲಿ ಬಿಳಿ ಬಿಳಿ ಕಾಳು. ವಿಭೂತಿ! ಮೇಷ್ಟ್ರಿಗೆ ಕ್ಷಣದಲ್ಲಿ ಎಲ್ಲಾ ಗೊತ್ತಾಗಿಹೋಯಿತು. ಅಮಾವಾಸ್ಯೆ ಬಂದರೆ ಮಿಕ್ಸಿ, ಫ್ರಿಜ್, ಸ್ಕೂಟರು, ಕೊನೆಗೆ ಗ್ಯಾಸ್ ಸಿಲಿಂಡರನ್ನೂ ಬಿಡದೆ ವಿಭೂತಿ ಹಚ್ಚಿ ಕೈಮುಗಿಯುವವಳು ಆ ಮನೆಯಲ್ಲಿ ಒಬ್ಬಳೇ. ಕೀಲಿ ತೆಗೆದು ಬಾಗಿಲು ದೂಡಿ ಕೂಗಿದರು.

"ಲೇ ಕೊಟ್ರಮ್ಮ! ಯಾವಾಗ ಬಂದು ಪೂಜಿ ಮಾಡಿದಿ ಇದನ್ನ?"

"ಕೀಲಿಕೈ ಉಡದಾರಕ್ಕ ಕಟ್ಕೊಂಡೋರು ನೀವು. ನಾನೇನು ಕಿಡಕಿ ಸಂದ್ಯಾಗ ತೂರಿ ಬರ್ಲ್ಯಾ?"

ಮೇಷ್ಟ್ರು ಕಿವಿಗೇ ಹಾಕಿಕೊಳ್ಳಲಿಲ್ಲ. ಅಲ್ಲೇ ಕೂತು ಗೀತಾಂಜಲಿಗೆ ಫೋನ್ ಹಚ್ಚಿದರು. "ಎಲ್ಲಾ ಹಾಳಾತವ್ವ ಗೀತಾ. ನಮ್ಮ ಮನಿಯಾಕಿ ವಿಭೂತಿ ಹಚ್ಚಿ ಕೆಡಿಸಿಬಿಟ್ಲು. ಮಕ್ಕಳಿಗೆ ಹೇಳಿಬಿಡು, ಶನಿ ಇಲ್ಲ ಏನಿಲ್ಲ." ದನಿಯಲ್ಲಿ ದುಃಖ ಉಕ್ಕುತ್ತಿತ್ತು. ಆದರೆ ಒಳಗೆ ಏನೋ ಹಗುರವಾಯಿತು. ಕನ್ನಡಿಯಿಲ್ಲದಿದ್ದರೆ ಶನಿಯಿಲ್ಲ, ಶನಿಯಿಲ್ಲದಿದ್ದರೆ ಗುಟ್ಟು ರಟ್ಟಾಗುವ ಭಯವೂ ಇಲ್ಲ. ಮೇಲಾಗಿ ತಪ್ಪು ಹೆಂಡತಿಯ ತಲೆಗೆ ಚೆನ್ನಾಗಿ ಕೂತಿತು. ಆ ಗೀರುಗಳಿಗೆ ಅವರು ಕೈಮುಗಿಯುವುದೊಂದು ಬಾಕಿ.

ಅಷ್ಟರಲ್ಲಿ ಕೊಟ್ರಮ್ಮ ಗೋಡೆಯ ಮೇಲಿನ ಮುಖ ನೋಡುವ ಕನ್ನಡಿಯನ್ನೇ ಕಿತ್ತುಕೊಂಡು ಬಂದು ಗಂಡನ ಮುಂದೆ ಹಿಡಿದಳು.

"ನಾಕು ತಿಂಗಳಿಂದ ಕನ್ನಡಿ ಮಾಡಾಕತ್ತೀರಿ. ಒಮ್ಮಿ ನೋಡ್ಕೊಳ್ರಿ."

ಇಲ್ಲಿ ಒಂದು ಮಾತು ಹೇಳಬೇಕು. ನೌಕರಿಯಲ್ಲಿದ್ದಾಗ ಮೇಷ್ಟ್ರ ಹಣೆ ಬೋಳಾಗಿಯೇ ಇತ್ತು. ನಿವೃತ್ತಿಯಾದ ತಿಂಗಳಿಗೇ ಜನ "ಸರ್" ಬಿಟ್ಟು "ಸೋಮಣ್ಣ" ಎನ್ನತೊಡಗಿದ್ದರಿಂದ, ಗೌರವಕ್ಕಿರಲಿ ಎಂದು ದಿನಾ ಮೂರು ಬೆರಳಿನಲ್ಲಿ ದಪ್ಪಗೆ ವಿಭೂತಿ ಎಳೆದುಕೊಳ್ಳಲು ಶುರುಮಾಡಿದ್ದರು. ಈಗ ಕನ್ನಡಿಯಲ್ಲಿ ಕೆಳಗಿನ ಪಟ್ಟೆ ಪತ್ತೆಯೇ ಇರಲಿಲ್ಲ. ನಡುವಿನದು ಹುಬ್ಬಿನವರೆಗೆ ಇಳಿದು ನಿಂತಿತ್ತು. ಮೂಗಿನ ತುದಿಯಲ್ಲಿ ಬೆಳ್ಳಗಿನ ಬೆವರ ಹನಿಯೊಂದು ತೂಗುತ್ತಿತ್ತು. ಅವರು ನೋಡುತ್ತಿದ್ದಂತೆಯೇ ಅದು ತೊಟ್ಟೆಂದು ರೊಟ್ಟಿಯ ಮೇಲೆ ಬಿತ್ತು.

"ಅದು... ಫ್ಯಾನ್ ಇರಲಿಲ್ಲಲ್ಲ, ಅದಕ್ಕ..."

"ಆರಿಸಿದೋರು ಯಾರು?"

ಕೊಟ್ರಮ್ಮ ಗಂಡನ ಕೈಯಿಂದ ಫೋನ್ ಕಸಿದುಕೊಂಡಳು. ಅದು ಇನ್ನೂ ಕಟ್ ಆಗಿರಲಿಲ್ಲ. "ಗೀತಾ, ಕೇಳಿಸ್ಕೊಂಡ್ಯಾ? ಏನೂ ಹಾಳಾಗಿಲ್ಲವ್ವ. ಸರ್ ಇನ್ನೊಂದು ರೊಟ್ಟಿ ಬಡಿತಾರ. ದೀಪಾವಳಿ ಆದ ಮ್ಯಾಲ ಬರ್ತೀವಿ. ನಾನೂ ಬರ್ತೀನಿ" ಎಂದಳು.

ನಾಲ್ಕನೇ ರೊಟ್ಟಿಯ ಪಾಕವನ್ನು ಕೊಟ್ರಮ್ಮನೇ ನೋಡಿದಳು. ಮೇಷ್ಟ್ರು ಹಣೆ ತೊಳೆದುಕೊಂಡು, ತಲೆಗೆ ಟವೆಲ್ ಬಿಗಿದು, ಮಳೆಗಾಲವಿಡೀ ಗಾಜು ಆಡಿಸಿದರು. ಮೊಂಡು ಹಿಡಿದ ಎರಡು ಗೀರು ಬಿಟ್ಟರೆ ಉಳಿದವೆಲ್ಲ ಹೋದವು. ಗಾಜು ಬೆಂಗಳೂರಿಗೆ ಹೋಗಿ ಮೇಲೆ ಕನ್ನಡಿಯ ಲೇಪ ಹಾಕಿಸಿಕೊಂಡು ಬರುವಷ್ಟರಲ್ಲಿ ಚಿಗಟೇರಿಯ ದಿನಕ್ಕೆ ಇನ್ನೆರಡೇ ದಿನ ಉಳಿದಿತ್ತು. ಪೈಪಿನೊಳಗೆ ಅದನ್ನು ಕೂರಿಸಿ, ಹಗಲಲ್ಲಿ ದೂರದ ಮೊಬೈಲ್ ಟವರು ತಲೆಕೆಳಗಾಗಿ ಕಂಡಾಗ ಕುಣಿದರು. ಆದರೆ ಎರಡು ಸಂಜೆಯೂ ಮೋಡ ಕವಿದು ಶನಿ ಕಾಣಲೇ ಇಲ್ಲ. ಗುಟ್ಟಾಗಿ ನೋಡುವ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಮೂರನೆಯ ದಿನವೂ ಮೋಡ ಇರಲಪ್ಪಾ ಎಂದು ಈ ವಿಜ್ಞಾನದ ಮೇಷ್ಟ್ರು ಮೈಲಾರಲಿಂಗನಿಗೆ ಹರಕೆ ಹೊತ್ತರು. ಅಂದು ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು.

ಶಾಲೆಯ ಮೈದಾನದಲ್ಲಿ ಸಂಜೆ ಏಳಕ್ಕೆ ಮಕ್ಕಳ ಉದ್ದನೆಯ ಪಾಳಿ, ಎಲ್ಲರ ಮುಂದೆ ಕೊಟ್ರಮ್ಮ. ಗೀತಾಂಜಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೊದ್ಲು ಸರ್ ನೋಡ್ಲಿ. ಅವರು ಹಿಂದ ನೋಡ್ಯಾರ. ಸರಿಯಾಗಿ ಕಾಣ್ತೈತೋ ಇಲ್ಲೋ ಅವರಿಗೇ ಗೊತ್ತು."

ಮೇಷ್ಟ್ರು ಪೈಪು ತಿರುಗಿಸಿ ಕಣ್ಣಿಟ್ಟರು. ಮೊದಲು ಮಸುಕು ಮಸುಕಾದ ಬೆಳಕು. ಸ್ವಲ್ಪ ತಿರುವಿದರು. ಬೆಳಕು ಒಟ್ಟಾಗಿ ಒಂದು ಸಣ್ಣ ಮಣಿಯಾಯಿತು. ಆ ಮಣಿಯ ಸುತ್ತ, ಎಲ್ಲಿಯೂ ಅದಕ್ಕೆ ತಾಗದಂತೆ, ಒಂದು ಬಳೆ. ಬಂಗಾರದ್ದಲ್ಲ, ಮೂರಲ್ಲ, ಒಂದೇ ಒಂದು.

"ಅಯ್ಯಯ್ಯಯ್ಯ! ಖರೇನ ಐತಲ್ಲೋ!" ಮೇಷ್ಟ್ರು ಮೈದಾನವೆಲ್ಲ ಕೇಳುವಂತೆ ಕೂಗಿದರು. "ಬಳಿ ಐತ್ರೋ! ಹಿಂಗ ಇರತೈತಂತ ನನಗೇನು ಗೊತ್ತಿತ್ತು!"

ತಾವೇನು ಅಂದೆವು ಎಂಬುದು ಮೇಷ್ಟ್ರಿಗೆ ಆಮೇಲೆ ಹೊಳೆಯಿತು. ಕಣ್ಣು ತೆಗೆದು ನೋಡಿದರೆ ಗೀತಾಂಜಲಿ ಅವರನ್ನೇ ನೋಡುತ್ತಿದ್ದಳು. ತಪ್ಪು ಹೊರಿಸಲು ಅಕ್ಕಪಕ್ಕ ಯಾರೂ ಸಿಗಲಿಲ್ಲ, ಬಯಲಲ್ಲಿ ಒಂದು ಫ್ಯಾನ್ ಕೂಡ ಇರಲಿಲ್ಲ.

"ನೋಡಿದ್ದಿಲ್ಲವ್ವ ಗೀತಾ" ಎಂದರು. "ಬೆಂಗಳೂರು, ದುರ್ಬೀನು, ಎಲ್ಲಾ ಸುಳ್ಳು. ನಾ ಇವತ್ತ ಮೊದ್ಲು ನೋಡಿದ್ದು."

ಗೀತಾಂಜಲಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕೊಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ನಾನೂ ನೋಡಿಲ್ಲ. ಅದನ್ನ ಹೇಳಾಕ ನನಗ ಮೂವತ್ತು ವರ್ಷ ಹಿಡೀಲಿಲ್ಲ. ಸರೀರಿ ಅತ್ತಾಗ."